ಪ್ರಪೋಸಲ್ ಬರೆಯುವ ಮುಂಚೆ ಊರು ಸುತ್ತಿ ಬನ್ನಿ

ಪತ್ರಿಕೋದ್ಯಮ ಓದಿದವರು ಎಂದು ಗೊತ್ತಾದರೆ ಸಾಕು, ನಮ್ಮ ಕಡೆಯ ಊರುಗಳಲ್ಲಿ ಯಾರಾದರೊಬ್ಬರು ಮನೆಗೆ ಬಂದೇ ಬರುತ್ತಾರೆ. ‘ನಮ್ಮ ಸಂಘಕ್ಕೊಂದು ಪ್ರಪೋಸಲ್ ಬರದ ಕೊಡ್ರಿ, ಇಂಗ್ಲಿಷ್ ಛಲೋ ಇರಲಿ’ ಎನ್ನುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳಲ್ಲಿ ನಮಗೆ ಈ ಕೆಲಸ ಬಂದಿದೆ. ಮಹಿಳಾ ಸಂಘ, ಯುವಕ ಮಂಡಳ, ಶಾಲೆಯ ಎಸ್‌ಡಿಎಂಸಿ, ರೈತರ ಗುಂಪು, ಎಲ್ಲರೂ ಕೇಳುವುದು ಇದನ್ನೇ.

ಮೊದಮೊದಲು ನಾವೂ ಹಾಗೆಯೇ ಬರೆದೆವು. ನದಿ ದಂಡೆಯ ಊರೊಂದರ ಮಹಿಳಾ ಸಂಘದವರು, ಹೊಳೆ ಬಂದಾಗ ದನ ಕಟ್ಟಲು ಎತ್ತರದ ಜಾಗದಲ್ಲಿ ಒಂದು ಶೆಡ್ಡು, ಜೊತೆಗೆ ಮೇವು ಕೂಡಿಡಲು ಜಾಗ ಬೇಕು ಎಂದಿದ್ದರು. ನಾವು ಹಳೆಯ ಪ್ರಸ್ತಾವನೆಯೊಂದನ್ನು ಮುಂದಿಟ್ಟುಕೊಂಡು ‘ಇಲ್ಲಿನ ಜನ ತೀರಾ ಹಿಂದುಳಿದವರು, ಅನಕ್ಷರಸ್ಥರು, ಬಡತನದಲ್ಲಿ ಬೆಂದವರು’ ಎಂದು ಎರಡು ಪುಟ ತುಂಬಿಸಿದೆವು. ಸಂಘದ ಸಭೆಯಲ್ಲಿ ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ ಒಬ್ಬ ಆಯಿ ಕೇಳಿದಳು: ‘ಅಲ್ಲೋ ತಮ್ಮಾ, ನಮ್ಮನ್ನ ಇಷ್ಟ್ಯಾಕ ಬಡವರ ಮಾಡೀದಿ? ಶೆಡ್ಡ ಎಲ್ಲಿ ಕಟ್ಟಬೇಕು ಅನ್ನೂದನ್ನ ಬರದ ಇಲ್ಲಲ್ಲ?’

ಆ ಪ್ರಸ್ತಾವನೆ ಮಂಜೂರಾಗಲಿಲ್ಲ. ಆಗದಿದ್ದದ್ದೇ ಸರಿ ಎಂದು ಈಗ ಅನ್ನಿಸುತ್ತದೆ. ಅದರಲ್ಲಿ ಊರಿನ ಹೆಸರು ಬದಲಿಸಿದ್ದರೆ ಬೇರೆ ಯಾವ ಊರಿಗಾದರೂ ಹೊಂದುತ್ತಿತ್ತು.

ಅನುದಾನದ ಪ್ರಸ್ತಾವನೆ ಎಂದರೆ ಅಂಗಲಾಚುವ ಅರ್ಜಿಯಲ್ಲ, ಅದು ವರದಿ. ಸುದ್ದಿ ಬರೆಯಲು ನಾವು ಕಲಿತ ಪ್ರಶ್ನೆಗಳೇ ಇಲ್ಲಿಯೂ ಬೇಕು: ಯಾರಿಗೆ, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಊರು ಸುತ್ತದೆ ಸುದ್ದಿ ಬರೆದರೆ ಅದು ಸುಳ್ಳಾಗುತ್ತದೆ. ಪ್ರಸ್ತಾವನೆಯ ಕಥೆಯೂ ಅಷ್ಟೇ.

ಅದೇ ಶೆಡ್ಡಿನ ಮಾತನ್ನೇ ನೋಡೋಣ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣದೊಳಗೇ ನೀರು ನುಗ್ಗಿತ್ತು. ‘ಪ್ರವಾಹದಿಂದ ಜಾನುವಾರುಗಳಿಗೆ ತೊಂದರೆಯಾಯಿತು’ ಎಂದು ಯಾರು ಬೇಕಾದರೂ ಬರೆಯಬಹುದು. ಊರಿನವರು ಮಾತ್ರ ಬರೆಯಬಲ್ಲದ್ದು ಬೇರೆ ಇದೆ. ನೀರು ಯಾವ ಓಣಿಯವರೆಗೆ ಬಂತು? ಎಷ್ಟು ಮನೆಯವರು ದನ ಹೊಡೆದುಕೊಂಡು ಎಲ್ಲಿಗೆ ಹೋದರು? ಎಷ್ಟು ದಿನ ಅಲ್ಲಿದ್ದರು? ಮೇವು ಯಾರು ಕೊಟ್ಟರು, ಎಷ್ಟನೇ ದಿನಕ್ಕೆ ಮುಗಿಯಿತು? ಈ ನಾಲ್ಕು ಪ್ರಶ್ನೆಗೆ ಉತ್ತರವಿದ್ದರೆ ‘ಅವಶ್ಯಕತೆ’ ಎಂಬ ಕಲಂ ತಾನಾಗಿ ತುಂಬುತ್ತದೆ, ಶೆಡ್ಡು ಎಷ್ಟು ದೊಡ್ಡದಿರಬೇಕು ಎಂಬುದೂ ಅಲ್ಲಿಂದಲೇ ಗೊತ್ತಾಗುತ್ತದೆ.

ಅಂಕಿಸಂಖ್ಯೆಯ ವಿಷಯದಲ್ಲಿ ನಮ್ಮ ಭಾಗದವರಿಗೆ ಒಂದು ವಿಶೇಷ ತೊಡಕಿದೆ. 2011ರ ಜನಗಣತಿಯ ಕೋಷ್ಟಕದಲ್ಲಿ ಮೂಡಲಗಿ ತಾಲೂಕು ಎಂಬುದೇ ಇಲ್ಲ. ಆಗ ಆ ಹಳ್ಳಿಗಳೆಲ್ಲ ಗೋಕಾಕ ತಾಲೂಕಿನಲ್ಲಿದ್ದವು. ಹಾಗಾಗಿ ಮೂಡಲಗಿಯ ಸಂಘವೊಂದು ಗೋಕಾಕದ ಅಂಕಿ ಎತ್ತಿಕೊಂಡು ‘ನಮ್ಮ ತಾಲೂಕಿನಲ್ಲಿ’ ಎಂದು ಬರೆದರೆ ಅದು ತಪ್ಪು. ಹಳ್ಳಿವಾರು ಅಂಕಿಗಳನ್ನು ತೆಗೆದು ಕೂಡಿಸಬೇಕು. ಅಷ್ಟಕ್ಕೂ ತಾಲೂಕಿನ ಅಂಕಿ ಯಾಕೆ ಬೇಕು? ಒಂದು ಊರಿನ ಕೆಲಸಕ್ಕೆ ಆ ಊರಿನ ಲೆಕ್ಕ ಸಾಕು. ಅದು ಹತ್ತಿರದಲ್ಲೇ ಇರುತ್ತದೆ. ದನಗಳ ಲೆಕ್ಕ ಪಶು ಆಸ್ಪತ್ರೆಯ ಕಾಲುಬಾಯಿ ಲಸಿಕೆಯ ದಾಖಲೆಯಲ್ಲಿ, ಮಕ್ಕಳ ಲೆಕ್ಕ ಅಂಗನವಾಡಿಯಲ್ಲಿ, ಹಾನಿಯ ಲೆಕ್ಕ ತಲಾಠಿ ಕಚೇರಿಯಲ್ಲಿ, ಹಳೆಯ ಠರಾವುಗಳು ಪಂಚಾಯಿತಿಯಲ್ಲಿ. ಕೇಳಿದರೂ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕದ ಅರ್ಜಿಗೆ ಮೂವತ್ತು ದಿನದೊಳಗೆ ಉತ್ತರ ಬರಬೇಕು. ಕೊನೆಯ ದಿನಾಂಕ ನಾಳೆ ಎನ್ನುವಾಗ ಇದಾವುದೂ ಆಗುವುದಿಲ್ಲ. ಆದ್ದರಿಂದ ಅನುದಾನದ ಪ್ರಕಟಣೆ ಬರುವ ಮುಂಚೆಯೇ ಊರಿನದೊಂದು ಕಡತ ತಯಾರಿರಬೇಕು ಎನ್ನುವುದು ನಮ್ಮ ಅನುಭವ.

ಹೆಚ್ಚಿನ ಪ್ರಸ್ತಾವನೆಗಳು ಸೋಲುವುದು ಇನ್ನೊಂದು ಪ್ರಶ್ನೆಯಲ್ಲಿ: ದುಡ್ಡು ಮುಗಿದ ಮೇಲೆ ಯಾರು ನಡೆಸುತ್ತಾರೆ? ‘ಸಮುದಾಯವೇ ನಿರ್ವಹಿಸುತ್ತದೆ’ ಎಂದು ಒಂದು ಸಾಲು ಬರೆದು ನಾವು ಕೈ ತೊಳೆದುಕೊಳ್ಳುತ್ತೇವೆ. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ಹುಕ್ಕೇರಿಗೆ ಹೋದರೆ ಸಾಕು. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಒಂದು. ಉಳಿದವು ಆಂಧ್ರದ (ಈಗ ತೆಲಂಗಾಣ) ಸಿರಿಸಿಲ್ಲ, ಗುಜರಾತಿನ ಕೊಡಿನಾರ್, ಮಹಾರಾಷ್ಟ್ರದ ಮುಳಾ ಪ್ರವರಾ ಮತ್ತು ಉತ್ತರ ಪ್ರದೇಶದ ಲಖನೌ. ಮುಳಾ ಪ್ರವರಾ ಸಂಘದ ವಿದ್ಯುತ್ ವಿತರಣೆ 2011ರಲ್ಲಿ ಸರಕಾರಿ ಕಂಪನಿಯ ಪಾಲಾಯಿತು. ಹುಕ್ಕೇರಿಯದು ಉಳಿದಿದೆ.

ಹುಕ್ಕೇರಿ ಸಂಘದಲ್ಲಿ ಎಲ್ಲವೂ ಸರಿಯಿದೆ ಎಂದು ನಾವು ಹೇಳುತ್ತಿಲ್ಲ. ಆದರೆ ಅಲ್ಲಿ ಸದಸ್ಯರಿದ್ದಾರೆ, ಬಿಲ್ಲು ವಸೂಲಿ ಇದೆ, ಚುನಾವಣೆ ಇದೆ. ಆ ಚುನಾವಣೆ ಬಂದರೆ ಇಡೀ ತಾಲೂಕು ಕಾವೇರುತ್ತದೆ. ತಮ್ಮದು ಎನ್ನಿಸಿದ್ದಕ್ಕೆ ಮಾತ್ರ ಜನ ಹಾಗೆ ಜಗಳಾಡುತ್ತಾರೆ. ನಮ್ಮ ಶೆಡ್ಡಿಗೂ ಅಂಥದ್ದೇ ಲೆಕ್ಕ ಬೇಕು. ಮಳೆಗಾಲ ಬಿಟ್ಟು ಉಳಿದ ತಿಂಗಳು ಅದರ ಬೀಗದ ಕೈ ಯಾರ ಹತ್ತಿರ? ಮೇವಿಗೆ ವರ್ಷಕ್ಕೆ ಮನೆಗೊಂದು ಹೊರೆ ಕೊಡುವವರು ಎಷ್ಟು ಜನ? ತಗಡು ಹಾರಿದರೆ ಯಾರ ಖರ್ಚು? ಇದನ್ನು ಸಭೆಯಲ್ಲಿ ಇತ್ಯರ್ಥ ಮಾಡಿ ಸಹಿ ಹಾಕಿಸಿ ಲಗತ್ತಿಸಿದರೆ, ಓದುವವರು ನಂಬುತ್ತಾರೆ.

ಬಜೆಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಟ್ಟಡವಿದ್ದರೆ ಲೋಕೋಪಯೋಗಿ ಇಲಾಖೆಯ ಎಸ್.ಆರ್. ದರಕ್ಕೆ ಎಂಜಿನಿಯರರಿಂದ ಎಸ್ಟಿಮೇಟ್ ಮಾಡಿಸಿ, ಸಾಮಾನಿದ್ದರೆ ಮೂರು ಅಂಗಡಿಯ ಕೊಟೇಶನ್ ತನ್ನಿ. ಊರಿನವರ ಶ್ರಮದಾನ, ಕೊಟ್ಟ ಕಲ್ಲು, ಮಣ್ಣು, ಟ್ರ್ಯಾಕ್ಟರ್ ಬಾಡಿಗೆ ಎಲ್ಲಕ್ಕೂ ಬೆಲೆ ಕಟ್ಟಿ ‘ನಮ್ಮ ಪಾಲು’ ಎಂದು ತೋರಿಸಿ. ಕೆಳಗೆ ‘ಇತರೆ ಖರ್ಚು’ ಎಂದು ದೊಡ್ಡ ಮೊತ್ತ ಬರೆಯಬೇಡಿ. ಓದುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಯಾವ ಬಾಗಿಲು ಬಡಿಯಬೇಕು ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಕಂಪನಿಗಳ ಸಿಎಸ್‌ಆರ್ ಹಣ ಪಡೆದು ಕೆಲಸ ಮಾಡುವ ಸಂಸ್ಥೆ 2021ರ ಏಪ್ರಿಲ್ 1ರಿಂದ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ನಿನ್ನೆ ಮೊನ್ನೆ ಹುಟ್ಟಿದ ಯುವಕ ಮಂಡಳಕ್ಕೆ ಅದು ನೇರವಾಗಿ ಸಿಗುವುದು ಕಷ್ಟ. ಅಂಥವರು ಅನುಭವವಿರುವ ಸಂಸ್ಥೆಯ ಜೊತೆ ಸೇರುವುದು ಒಳ್ಳೆಯದು. ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ನಡೆಸುತ್ತಿರುವುದು ನಮ್ಮದೇ ಭಾಗದ ಬರ್ಡ್ಸ್ ಎಂಬ ಸ್ವಯಂಸೇವಾ ಸಂಸ್ಥೆ. ಹಳ್ಳಿಯಲ್ಲಿದ್ದುಕೊಂಡೇ ದೊಡ್ಡ ಯೋಜನೆ ನಡೆಸಬಹುದು ಎನ್ನುವುದಕ್ಕೆ ಸಾಕ್ಷಿ ಇಲ್ಲೇ ಇದೆ. ಇನ್ನು ಕೆಲವು ಕೆಲಸಗಳಿಗೆ ಹೊರಗಿನ ಅನುದಾನವೇ ಬೇಡ, ಗ್ರಾಮ ಸಭೆಯಲ್ಲಿ ಎದ್ದು ನಿಂತು ಪಂಚಾಯಿತಿಯ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಿದರೆ ಆಗುತ್ತದೆ.

‘ಇದೆಲ್ಲ ಸರಿ, ಇಂಗ್ಲಿಷ್ ಬೇಕಲ್ಲ’ ಎಂದು ಕೇಳುವವರಿದ್ದಾರೆ. ಬೇಕು, ಅನೇಕ ಕಡೆ ಬೇಕೇ ಬೇಕು. ಆದರೆ ಮೂಲ ಪ್ರತಿ ಕನ್ನಡದಲ್ಲಿರಲಿ, ಇಂಗ್ಲಿಷ್ ಅದರ ಅನುವಾದವಾಗಲಿ. ಉಲ್ಟಾ ಆದಾಗ ಊರಿನವರಿಗೆ ತಮ್ಮ ಹೆಸರಿನಲ್ಲಿ ಏನು ಬರೆದಿದ್ದಾರೆ ಎಂಬುದೇ ತಿಳಿಯುವುದಿಲ್ಲ. ದನದ ಶೆಡ್ಡು ಕೇಳಿದವರಿಗೆ ಹೊಲಿಗೆ ಯಂತ್ರ ಬರುತ್ತದೆ. ಬಂದದ್ದನ್ನು ಬೇಡ ಎನ್ನಲಾಗದೆ ಇಟ್ಟುಕೊಳ್ಳುತ್ತಾರೆ, ಅದು ಸಮುದಾಯ ಭವನದ ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ. ಮುಂದಿನ ಸಲ ಅಧಿಕಾರಿಗಳು ‘ಆ ಊರಿಗೆ ಕೊಟ್ಟಿದ್ದೆವು, ಉಪಯೋಗಿಸಲಿಲ್ಲ’ ಎನ್ನುತ್ತಾರೆ. ತಪ್ಪು ಬರೆದವನದು, ಹೆಸರು ಕೆಡುವುದು ಊರಿನದು.

ಹಾಗೆಯೇ, ಮಂಜೂರಾದ ಹಣದಲ್ಲಿ ಇಷ್ಟು ಪರ್ಸೆಂಟ್ ಕೊಡಿ ಎಂದು ಕೇಳಿ ಬರೆದುಕೊಡುವುದನ್ನು ನಾವು ಒಪ್ಪುವುದಿಲ್ಲ. ಬರೆಯುವುದು ಕೆಲಸ, ಅದಕ್ಕೆ ಕೂಲಿ ಕೇಳುವುದು ತಪ್ಪಲ್ಲ. ದಿನದ ಲೆಕ್ಕದಲ್ಲಿ ಕೇಳೋಣ. ಪರ್ಸೆಂಟಿಗೆ ಬರೆಯುವವನಿಗೆ ಊರಿಗೆ ಎಷ್ಟು ಬೇಕು ಎನ್ನುವುದಕ್ಕಿಂತ ಮೊತ್ತ ಎಷ್ಟು ಹಿಗ್ಗಿಸಬಹುದು ಎನ್ನುವುದರ ಮೇಲೆ ಕಣ್ಣಿರುತ್ತದೆ.

ಈಗ ನಾವು ಒಂದು ನಿಯಮ ಮಾಡಿಕೊಂಡಿದ್ದೇವೆ. ಯಾರೇ ಕೇಳಿದರೂ ಮೊದಲು ಊರಲ್ಲಿ ಎರಡು ದಿನ ಸುತ್ತುತ್ತೇವೆ, ಆಮೇಲೆ ಕನ್ನಡದಲ್ಲಿ ಬರೆಯುತ್ತೇವೆ, ಕಳಿಸುವ ಮುಂಚೆ ಸಭೆಯಲ್ಲಿ ಗಟ್ಟಿಯಾಗಿ ಓದುತ್ತೇವೆ. ಆ ಆಯಿಯಂಥವರು ‘ಇದು ತಪ್ಪಾತು’ ಎಂದರೆ ಅಲ್ಲೇ ತಿದ್ದುತ್ತೇವೆ. ಹೀಗೆ ಬರೆದದ್ದೆಲ್ಲ ಮಂಜೂರಾಗುತ್ತದೆ ಎಂದು ನಾವು ಭರವಸೆ ಕೊಡಲಾರೆವು. ಆದರೆ ವಾಪಸ್ ಬಂದರೂ ಊರಿನ ಕೈಯಲ್ಲಿ ಊರಿನದೇ ಒಂದು ಲೆಕ್ಕ ಉಳಿದಿರುತ್ತದೆ, ಮುಂದಿನ ಬಾಗಿಲು ಬಡಿಯಲು ಅದು ಸಾಕು.