ಹಿತ್ತಿಲಲ್ಲಿ ನಿಂತ ಕಂಬ, ಓದಲಾಗದ ಕಾಗದ

1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ ರಾಜ್ಯ ಪುನರ್ವಿಂಗಡಣಾ ಕಾಯಿದೆಯೇ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕನ್ನೂ, ನಿರ್ಣಾ ವೃತ್ತವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕನ್ನೂ ಮೇದಕ್ ಜಿಲ್ಲೆಗೆ ಕೊಟ್ಟಿತು. ಗುಲ್ಬರ್ಗದ ತಾಂಡೂರು ತಾಲೂಕು ಹೈದರಾಬಾದ್ ಜಿಲ್ಲೆಯ ಪಾಲಾಯಿತು. ಇಂದು ಮೊದಲೆರಡು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಅಲ್ಲಿಯ ಕನ್ನಡಿಗರ ವಿಚಾರ ನಮ್ಮ ಪತ್ರಿಕೆಗಳಲ್ಲಿ ಬರುವುದೇ ಅಪರೂಪ. ಬಂದರೂ ಶಾಲೆಯ ಪ್ರಶ್ನೆಯಾಗಿ ಬರುತ್ತದೆ. ನಾವು ಈ ಸಲ ಎತ್ತಿಕೊಂಡಿರುವುದು ಅದಕ್ಕಿಂತ ಸಣ್ಣದಾಗಿ ಕಾಣುವ, ಆದರೆ ಮನೆ ಮನೆಯನ್ನೂ ಮುಟ್ಟುವ ಒಂದು ಸಂಗತಿಯನ್ನು: ಖಾಸಗಿ ಹಿತ್ತಿಲಲ್ಲಿ ನೆಟ್ಟ ವಿದ್ಯುತ್ ಕಂಬ, ಅದನ್ನು ಹಿಡಿದೆಳೆಯುವ ಸ್ಟೇ ತಂತಿ, ಮಾಡಿನ ಮೇಲೆ ಹಾದುಹೋಗುವ ಲೈನು.

'ಕಂಬ ಸರಕಾರದ್ದು, ನೀವು ಮಾತಾಡುವಂತಿಲ್ಲ' ಎಂಬ ಮಾತನ್ನು ಕೇಳದ ಗೃಹಸ್ಥರು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಮಾತಿನ ಮೊದಲರ್ಧ ನಿಜ, ಎರಡನೆಯದು ಸುಳ್ಳು. ಕಂಬ ಕಂಪೆನಿಯದು, ಅದನ್ನು ಕೀಳುವುದು, ತಂತಿ ಕತ್ತರಿಸುವುದು ಶಿಕ್ಷಾರ್ಹ ಅಪರಾಧ. ಆದರೆ ಕಂಬದ ಕೆಳಗಿನ ನೆಲ ಮನೆಯವನದೇ. ಪರರ ಕಟ್ಟಡದ ಮೇಲಾಗಲಿ ನೆಲದ ಮೇಲಾಗಲಿ ಲೈನು ಎಳೆಯಲು ಮಾಲಕನ ಒಪ್ಪಿಗೆ ಬೇಕೆಂಬ ತತ್ತ್ವ ಬ್ರಿಟಿಷರ 1910ರ ವಿದ್ಯುತ್ ಕಾಯಿದೆಯ 12ನೆಯ ಕಲಮಿನಲ್ಲಿಯೇ ಇತ್ತು. 2003ರ ಕಾಯಿದೆ ಬಂದ ಮೇಲೆ ಕೇಂದ್ರ ಸರಕಾರ 2006ರಲ್ಲಿ ಹೊರಡಿಸಿದ ನಿಯಮಗಳು ಅದನ್ನೇ ಮುಂದುವರಿಸಿದವು. ಮಾಲಕ ಆಕ್ಷೇಪಿಸಿದರೆ ಕಂಪೆನಿಯು ಜಿಲ್ಲಾ ಮ್ಯಾಜಿಸ್ಟ್ರೇಟರ ಲಿಖಿತ ಅನುಮತಿ ಪಡೆಯಬೇಕು. ಅನುಮತಿ ಕೊಡುವಾಗ ಅವರು ಪರಿಹಾರವನ್ನೋ ವಾರ್ಷಿಕ ಬಾಡಿಗೆಯನ್ನೋ ಎರಡನ್ನೂ ಸೇರಿಸಿಯೋ ನಿಗದಿಪಡಿಸಬೇಕು. ಹಿಂದೆಂದೋ ನೆಟ್ಟ ಕಂಬವನ್ನು ಕೂಡ, ಸಾಕಷ್ಟು ಕಾರಣ ತೋರಿಸಿದಲ್ಲಿ, ತೆಗೆಯಲು ಇಲ್ಲವೆ ಬದಲಾಯಿಸಲು ಅವರು ಆಜ್ಞಾಪಿಸಬಹುದು.

ಇಲ್ಲಿ ಓದುಗರು ಗಮನಿಸಬೇಕಾದ ಶಬ್ದ 'ಆಕ್ಷೇಪಿಸಿದರೆ' ಎಂಬುದು. ಬಾಯಿಮಾತಿನ ಗೊಣಗಾಟ ಯಾವ ಕಡತಕ್ಕೂ ಸೇರುವುದಿಲ್ಲ. ಗುಂಡಿ ತೋಡುವ ದಿನ ಸುಮ್ಮನಿದ್ದವನು ಒಪ್ಪಿದನೆಂದೇ ಲೆಕ್ಕ. ಹತ್ತು ವರ್ಷ ಕಳೆದು ಮಗನ ಮದುವೆಗೆ ಒಂದು ಕೋಣೆ ಏರಿಸಹೊರಟಾಗ ಅದೇ ಕಂಬ ಅಡ್ಡ ಬರುತ್ತದೆ. ಆಗ ಸ್ಥಳಾಂತರದ ಅಂದಾಜುಪಟ್ಟಿ ಅವನ ಕೈಗೇ ಬರುತ್ತದೆ.

ತೊಗರಿಗೂ ನೀಲಿ ಕಲ್ಲಿನ ಚಪ್ಪಡಿಗೂ ಹೆಸರಾದ ತಾಂಡೂರಿನಂತಹ ಬೆಳೆಯುವ ಪೇಟೆಯಲ್ಲಿ ಇದು ಬರಿಯ ಹಣದ ಮಾತಲ್ಲ, ಜೀವದ ಮಾತು. ಸುರಕ್ಷತಾ ನಿಯಮದಂತೆ 11 ಕಿಲೋವೋಲ್ಟಿನ ತಂತಿ ಮಾಡಿನ ಅತ್ಯುನ್ನತ ಭಾಗದಿಂದ 3.7 ಮೀಟರ್ ಮೇಲಿರಬೇಕು, ಪಕ್ಕದಲ್ಲಾದರೆ 1.2 ಮೀಟರ್ ದೂರವಿರಬೇಕು. ಮನೆಗಳಿಗೆ ಬೆಳಕು ಕೊಡುವ ಸಾಮಾನ್ಯ ಲೈನಿಗೂ ಮೇಲೆ 2.5 ಮೀಟರ್ ಅಂತರ ಬೇಕು. ಮಾಳಿಗೆ ಏರಿಸಿದಾಗ ಈ ಅಂತರ ಕರಗಿಹೋಗುತ್ತದೆ; ಬಟ್ಟೆ ಒಣಗಿಸಲು ಹೋದ ಹೆಂಗಸಿನ ಕೈಗೆ ತಂತಿ ಎಟುಕುತ್ತದೆ. ತಂತಿ ಮೊದಲೇ ಇದ್ದರೆ, ಕಟ್ಟುವ ಮುನ್ನ ಕಂಪೆನಿಗೂ ವಿದ್ಯುತ್ ಇನ್ಸ್‌ಪೆಕ್ಟರರಿಗೂ ಲಿಖಿತವಾಗಿ ತಿಳಿಸುವ ಹೊಣೆ ಮನೆಯವನದು. ಆದುದರಿಂದ 'ಮನೆ ಮೊದಲೋ ತಂತಿ ಮೊದಲೋ' ಎಂಬುದೇ ವ್ಯಾಜ್ಯದ ಜೀವಾಳ. ಮನೆಯ ತೆರಿಗೆ ರಶೀದಿಯನ್ನು ಹಳೆಯ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಅಜ್ಜಿಯೇ ಇಂತಹ ಕಡೆ ನಿಜವಾದ ವಕೀಲೆ.

ದೊಡ್ಡ ಟವರುಗಳ ಕತೆ ಬೇರೆ. 164ನೆಯ ಕಲಮಿನ ಪ್ರಕಾರ ಸರಕಾರವು ಸಾಗಾಟದ ಕಂಪೆನಿಗಳಿಗೆ 1885ರ ತಂತಿ ಕಾಯಿದೆಯ ಅಧಿಕಾರಗಳನ್ನು ವಹಿಸಿಕೊಡಬಹುದು. ಕೊಟ್ಟಮೇಲೆ ಮಾಲಕನ ಒಪ್ಪಿಗೆ ಬೇಕಿಲ್ಲ. (2023ರ ದೂರಸಂಪರ್ಕ ಕಾಯಿದೆ ಆ ಮುದುಕ ಕಾನೂನನ್ನು ಬೀಳ್ಕೊಡಲು ಹೊರಟಾಗಲೂ ಈ ಒಂದು ಭಾಗವನ್ನು ವಿದ್ಯುತ್ತಿಗಾಗಿ ಉಳಿಸಿಕೊಂಡಿತು!) ಆದರೆ ಅದೇ 1885ರ ಕಾಯಿದೆಯ 10ನೆಯ ಕಲಮು ಹೇಳುವಂತೆ ಸಿಗುವುದು ಬಳಕೆಯ ಹಕ್ಕು ಮಾತ್ರ, ನೆಲದ ಒಡೆತನವಲ್ಲ, ಆದಷ್ಟು ಕಡಿಮೆ ಹಾನಿಮಾಡಬೇಕು, ಪೂರ್ಣ ಪರಿಹಾರ ಕೊಡಬೇಕು. ಪರಿಹಾರ ಸಾಲದಿದ್ದರೆ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗಬಹುದು. ಕೇರಳದ ವಿದ್ಯುನ್ಮಂಡಳಿಯೇ ಕಕ್ಷಿಯಾಗಿದ್ದ ಲಿವಿಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ ಹೇಳಿದ್ದೂ ಇದಕ್ಕೆ ಸಂಬಂಧಿಸಿಯೇ: ಎಲ್ಲರಿಗೂ ಒಂದೇ ಸೂತ್ರ ಹಚ್ಚಬಾರದು, ಜಾಗ ಎಲ್ಲಿದೆ, ತಂತಿ ಅಂಚಿನಲ್ಲಿ ಹೋಗಿದೆಯೋ ನಡುಮಧ್ಯೆ ಸೀಳಿದೆಯೋ ಎಂಬುದನ್ನೆಲ್ಲ ನೋಡಬೇಕು. ಕೇಂದ್ರದ ಇಂಧನ ಸಚಿವಾಲಯವು ಟವರಿನ ಬುಡದ ನೆಲಕ್ಕೆ 2015ರಲ್ಲಿ ಭೂಮೌಲ್ಯದ ಶೇ. 85ರಷ್ಟು ಪರಿಹಾರ ಸೂಚಿಸಿತ್ತು. 2024ರ ಜೂನ್‌ನಲ್ಲಿ ಅದನ್ನು ಶೇ. 200ಕ್ಕೆ, ತಂತಿ ಹಾಯುವ ಪಟ್ಟಿಗೆ ಶೇ. 30ಕ್ಕೆ ಏರಿಸಿತು. ಉಡುಪಿ-ಕಾಸರಗೋಡು 400 ಕಿಲೋವೋಲ್ಟ್ ಲೈನಿನ ವಿರುದ್ಧ ಕಂಗಿನ ತೋಟದವರು ಎತ್ತಿದ ದನಿಯನ್ನು ಕೇಳಿದ ನಮ್ಮ ಓದುಗರಿಗೆ ಈ ಅಂಕಿಗಳ ಬೆಲೆಯನ್ನು ವಿವರಿಸಬೇಕಾಗಿಲ್ಲ.

ತಂತಿ ಎಲ್ಲಿಯೋ ಒಂದು ಕಡೆ ಹೋಗಲೇಬೇಕು, ನಿಜ. ಪ್ರತಿಯೊಬ್ಬನೂ 'ನನ್ನ ಜಾಗದಲ್ಲಿ ಬೇಡ' ಎಂದರೆ ಊರು ಕತ್ತಲಲ್ಲಿ ಇರಬೇಕಾಗುತ್ತದೆ. ನಮ್ಮ ತಕರಾರು ಕಂಬದ ಮೇಲಲ್ಲ, ಒಪ್ಪಿಗೆಯ ಮೇಲೆ. ತೆಲಂಗಾಣದ ಆಡಳಿತ ಭಾಷೆ ತೆಲುಗು, ಉರ್ದು ಎರಡನೆಯದು. ಜಹೀರಾಬಾದಿನ ಹಳ್ಳಿಯ ಕನ್ನಡದ ಹಿರಿಯರು ತೆಲುಗು ಆಡಬಲ್ಲರು, ಸಂತೆಯಲ್ಲಿ ಚೌಕಾಸಿ ಮಾಡಬಲ್ಲರು. ಆದರೆ ಆಡುವ ಭಾಷೆಯಲ್ಲಿ ಕಾನೂನಿನ ಕಾಗದ ಓದಬಲ್ಲರೆಂದು ಹೇಳಲಾಗದು. ಮಲಯಾಳದ ನೋಟೀಸನ್ನು ಹಿಡಿದು ನೆರೆಮನೆಗೆ ಓಡುವ ನಮ್ಮವರನ್ನು ಕೇಳಿದರೆ ಸಾಕು. ಅರ್ಥವಾಗದ ಕಾಗದಕ್ಕೆ ಹಾಕಿದ ರುಜುವನ್ನು ಒಪ್ಪಿಗೆಯೆಂದು ಕರೆಯಬಹುದೇ?

ಹಾಗೆ ನೋಡಿದರೆ ಹೊಸ ಹಕ್ಕೇನೂ ಕೇಳಬೇಕಾಗಿಲ್ಲ. ಒಂದು ಜಿಲ್ಲೆಯಲ್ಲಿ ಇಲ್ಲವೆ ತಾಲೂಕಿನಲ್ಲಿ ಶೇ. 15ರಷ್ಟು ಜನ ಆಡುವ ಭಾಷೆಯಲ್ಲಿ ಮುಖ್ಯ ನೋಟೀಸುಗಳನ್ನು ಪ್ರಕಟಿಸಬೇಕೆಂಬುದು ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಎಂದೋ ಒಪ್ಪಿಕೊಂಡ ಕ್ರಮ. ನಮ್ಮಲ್ಲಿ 1969ರ ಕೇರಳ ಆಡಳಿತ ಭಾಷಾ ಕಾಯಿದೆಯು ಕನ್ನಡದಲ್ಲಿ ಬರೆದ ಪತ್ರಕ್ಕೆ ಕನ್ನಡದಲ್ಲೇ ಉತ್ತರ ಕೊಡಬೇಕೆನ್ನುತ್ತದೆ. ಅದರ ಪಾಲನೆ ಹೇಗಿದೆಯೆಂಬುದು ಓದುಗರು ಬಲ್ಲ ವಿಷಯ. ಸಂವಿಧಾನದ 350ನೆಯ ಅನುಚ್ಛೇದವಂತೂ ಯಾವ ರಾಜ್ಯದ ಹಂಗನ್ನೂ ಇಟ್ಟುಕೊಂಡಿಲ್ಲ: ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಇಲ್ಲವೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ನಾರಾಯಣಖೇಡದ ಮನೆಯೊಡೆಯನು ಗುಂಡಿ ತೋಡುವ ಮೊದಲೇ, ಸರ್ವೆ ನಂಬರನ್ನೂ ಮನೆಯಿಂದ ಕಂಬಕ್ಕಿರುವ ಅಡಿಗಳನ್ನೂ ಕಾಣಿಸಿ, ಸಂಗಾರೆಡ್ಡಿಯ ಕಲೆಕ್ಟರರಿಗೆ ಕನ್ನಡದಲ್ಲಿಯೇ ಆಕ್ಷೇಪ ಬರೆದು, ಪ್ರತಿಯನ್ನು ಕಂಪೆನಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಅಂಚೆಯ ರಶೀದಿಯನ್ನು ತೆರಿಗೆ ರಶೀದಿಯ ಜೊತೆಗೆ ಅದೇ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದು.