ಕತ್ತಲಿಗೆ ಬೇರೆಯೇ ಪರವಾನಗಿ ಬೇಕು

1999ರ ಜುಲೈ 16ರ ರಾತ್ರಿ ಅಮೆರಿಕದ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಬಳಿ, ಮಾಜಿ ಅಧ್ಯಕ್ಷ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ನಡೆಸುತ್ತಿದ್ದ ಪೈಪರ್ ಸಾರಟೋಗಾ ವಿಮಾನ ಸಮುದ್ರಕ್ಕೆ ಬಿತ್ತು. ಅವರು, ಪತ್ನಿ, ಪತ್ನಿಯ ಅಕ್ಕ ಮೂವರೂ ಸತ್ತರು. ಬಿರುಗಾಳಿಯಿರಲಿಲ್ಲ. ಮಬ್ಬು ಕವಿದಿತ್ತಾದರೂ ನಿಯಮದ ಲೆಕ್ಕದಲ್ಲಿ ಹಾರಲು ಅಡ್ಡಿಯಿರಲಿಲ್ಲ. ಕತ್ತಲಲ್ಲಿ ನೀರಿನ ಮೇಲೆ ಇಳಿಯುತ್ತ ಬರುವಾಗ ಮೇಲು-ಕೆಳಗಿನ ಅರಿವೇ ತಪ್ಪಿ ವಿಮಾನ ಅವರ ಹಿಡಿತ ಮೀರಿತು ಎಂದಿತು ತನಿಖೆ. ಹೊರಗೆ ಏನೂ ಕಾಣದಿದ್ದರೂ ಮೀಟರುಗಳನ್ನೇ ನಂಬಿ ಹಾರಿಸಲು ಬೇಕಾದ ‘ಇನ್‌ಸ್ಟ್ರುಮೆಂಟ್ ರೇಟಿಂಗ್’ ಅವರಿಗಿರಲಿಲ್ಲ. ಅಮೆರಿಕದ ಕಾನೂನು ಅದನ್ನು ಅಂದೂ ಕೇಳಲಿಲ್ಲ, ಇಂದೂ ಕೇಳುವುದಿಲ್ಲ. ಖಾಸಗಿ ಪೈಲಟ್ ಆಗುವವರು 3 ಗಂಟೆ ರಾತ್ರಿ ತರಬೇತಿ ಪಡೆದು 10 ಬಾರಿ ಕತ್ತಲಲ್ಲಿ ಇಳಿಸಿದ್ದರೆ ಸಾಕು. ಜೊತೆಗೆ ಪ್ರಯಾಣಿಕರನ್ನು ಕೂರಿಸಿಕೊಳ್ಳುವವರಿಗೆ ಇದು ಏನೇನೂ ಸಾಲದು.

ಏಕೆಂದರೆ ರಾತ್ರಿ ಮೋಸ ಮಾಡುವುದು ಯಂತ್ರವಲ್ಲ, ಕಣ್ಣು. ಊರಾಚೆಯ ಸಣ್ಣ ರನ್‌ವೇಗಳಲ್ಲಿ ಎಷ್ಟೋ ಕಡೆ ದೀಪವೂ ಸದಾ ಉರಿಯುವುದಿಲ್ಲ. ಪೈಲಟ್ ರೇಡಿಯೋ ಗುಂಡಿಯನ್ನು ಟಕಟಕನೆ ಏಳು ಸಲ ಒತ್ತಿದರೆ ಪೂರ್ಣ ಪ್ರಕಾಶದಲ್ಲಿ ಹೊತ್ತಿಕೊಂಡು, ಹದಿನೈದು ನಿಮಿಷಕ್ಕೆ ಆರುತ್ತದೆ. ಕೆಳಗೆ ಮನೆ, ರಸ್ತೆ ಯಾವುದೂ ಕಾಣದೆ ಎದುರಿಗೆ ಎರಡು ಸಾಲು ದೀಪ ಮಾತ್ರ ತೇಲುತ್ತಿರುವಾಗ, ಪೈಲಟ್‌ಗೆ ತಾನು ಅಗತ್ಯಕ್ಕಿಂತ ಎತ್ತರದಲ್ಲಿರುವಂತೆ ತೋರುತ್ತದೆ. ಇನ್ನಷ್ಟು ತಗ್ಗಿಸುತ್ತಾನೆ, ರನ್‌ವೇ ಸಿಗುವ ಮೊದಲೇ ನೆಲ ಸಿಗುತ್ತದೆ. ವೈಮಾನಿಕರು ಇದನ್ನು ‘ಬ್ಲ್ಯಾಕ್ ಹೋಲ್’ ಎನ್ನುತ್ತಾರೆ. 1960ರ ದಶಕದಲ್ಲಿ ಬೋಯಿಂಗ್‌ನ ಕಾನ್ರಾಡ್ ಕ್ರಾಫ್ಟ್ ಸಿಮ್ಯುಲೇಟರ್‌ನಲ್ಲಿ ಪರೀಕ್ಷಿಸಿದಾಗ ನುರಿತ ಪೈಲಟ್‌ಗಳೇ ಹೀಗೆ ಅತಿಯಾಗಿ ಕೆಳಗಿಳಿದರು. ಅವರ ಗತಿಯೇ ಹೀಗಾದರೆ ವಾರಾಂತ್ಯಕ್ಕೊಮ್ಮೆ ಹಾರುವವರ ಪಾಡೇನು?

ಅದಕ್ಕೇ ಇಳಿಯುವ ಎತ್ತರ ಸರಿಯಿದೆಯೇ ಎಂದು ರನ್‌ವೇ ಪಕ್ಕದಲ್ಲಿ ತೋರಿಸುವ ನಾಲ್ಕು ‘ಪಾಪಿ’ (PAPI) ದೀಪಗಳಿವೆಯಲ್ಲ ಎನ್ನಬಹುದು. (ಪಾಪ, ಹೆಸರು ಹಾಗಿದ್ದರೂ ಮಾಡುವುದು ಪುಣ್ಯದ ಕೆಲಸ.) ಎರಡು ಬಿಳಿ, ಎರಡು ಕೆಂಪು ಕಂಡರೆ ಹಾದಿ ಸರಿ, ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದೀರಿ. ಆದರೆ ಅವು ಎಲ್ಲ ರನ್‌ವೇಗಳಲ್ಲಿಲ್ಲ, ಇದ್ದರೂ ಕೆನಡಿಯವರಂತೆ ದಾರಿಯಲ್ಲೇ ಆಯ ತಪ್ಪಿದವರಿಗೆ ನೆರವಾಗವು. 90 ದಿನಗಳೊಳಗೆ ಮೂರು ಬಾರಿ ರಾತ್ರಿ ಇಳಿಸಿದವರಷ್ಟೇ ಪ್ರಯಾಣಿಕರನ್ನು ಒಯ್ಯಬೇಕೆಂಬ ನಿಯಮವೂ ಇದೆ ನಿಜ. ಆ ಮೂರನ್ನೂ ನಗರದ ಬೆಳಕಿನಲ್ಲೇ ಮುಗಿಸಬಹುದು! ಇನ್‌ಸ್ಟ್ರುಮೆಂಟ್ ರೇಟಿಂಗ್ ಕಡ್ಡಾಯ ಮಾಡಿದರೆ ಖರ್ಚು ಹೆಚ್ಚಿ ಹಾರುವವರೇ ಕಡಿಮೆಯಾಗುತ್ತಾರೆ, ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಚಳಿಗಾಲದ ರಾತ್ರಿ ಇನ್ನೂ ದೀರ್ಘವಾದ ಕೆನಡಾ ದೇಶ, 10 ಗಂಟೆ ಮೀಟರ್ ತರಬೇತಿಯೂ ಸೇರಿದ ಪ್ರತ್ಯೇಕ ರಾತ್ರಿ ರೇಟಿಂಗ್ ಕೇಳುತ್ತದೆ. ಅಲ್ಲಿ ಹಾರಾಟವೇನೂ ನಿಂತಿಲ್ಲ. ಒಬ್ಬನೇ ಹಾರುವವನ ಅಪಾಯ ಅವನಿಗೇ ಬಿಟ್ಟದ್ದು. ಪಕ್ಕದಲ್ಲಿ ಕೂತವರಿಗೆ ಪೈಲಟ್‌ನ ಅರ್ಹತೆ ಅಳೆಯುವ ದಾರಿಯಿಲ್ಲದ ಕಾರಣ, ಅವರ ಪರವಾಗಿ ಕಾನೂನೇ ಇನ್‌ಸ್ಟ್ರುಮೆಂಟ್ ರೇಟಿಂಗ್ ಕೇಳಬೇಕು.