ಹಣೆಬರಹವಲ್ಲ, ಹಿಂಸೆ
ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಕೆಮ್ಮಿದರೆ ಮೂತ್ರ ಸೋರುವುದನ್ನು, ಗರ್ಭಕೋಶ ಜಾರುವುದನ್ನು ‘ಹಡೆದವಳ ಹಣೆಬರಹ’ವೆಂದು ನುಂಗಿಕೊಂಡಿದ್ದಾರೆ. ಹೆರಿಗೆಯಲ್ಲಿ ಹಿಗ್ಗಿದ ಸ್ನಾಯು ಬಿಗಿಯಾಗುವ ಮೊದಲೇ ತಲೆಯ ಮೇಲೆ ಕೊಡ, ಹಾಸಿಗೆಯಲ್ಲಿ ಗಂಡನ ಹಠ, ಹೊಟ್ಟೆಯಲ್ಲಿ ಮತ್ತೊಂದು ಕೂಸು. ನಾನು ಕೇಳುತ್ತೇನೆ: ಇದನ್ನು ಬರೆದವನು ಬ್ರಹ್ಮನೇ? ವರದಕ್ಷಿಣೆ ಎಣಿಸಿಕೊಂಡ ಮನೆಗೆ ಬಾಣಂತಿಯ ವಿಶ್ರಾಂತಿ ಮಾತ್ರ ದುಬಾರಿ! ಆರೋಗ್ಯಕ್ಕೆ ಹಾನಿ ಮಾಡುವುದೂ ಹಿಂಸೆಯೆಂದು 2005ರ ಕೌಟುಂಬಿಕ ಹಿಂಸೆ ಕಾಯ್ದೆಯೇ ಹೇಳುತ್ತದೆ.

ಸ್ನಾಯು ಬಿಗಿಗೊಳಿಸುವ ವ್ಯಾಯಾಮವನ್ನು ಡಾ. ಕೆಗೆಲ್ 1948ರಲ್ಲೇ ವಿವರಿಸಿದರು. ಜಾರಿದ್ದನ್ನು ತಡೆಹಿಡಿಯುವ ಪೆಸರಿ ಉಂಗುರವೂ ಇದೆ. ಇವನ್ನು ತಿಳಿಸದೆ ‘ಚೀಲ ತೆಗೆಸಿಬಿಡು’ ಎನ್ನುವುದು ಎರಡನೆಯ ಹಿಂಸೆ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಪಾಲಿಸಿರೆಂದು ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಆದೇಶಿಸಿತು. ಕೂಸಿನ ಲಸಿಕೆಯಂತೆ ತಾಯಿಯ ತಪಾಸಣೆಯೂ ತಪ್ಪದೆ ನಡೆಯಲಿ. ಕೊಡವನ್ನು ಗಂಡಸರು ಹೊರಲಿ.